ತೋಟದಂಚಿನ ಹೆಬ್ಬಾವು

ನಾನು ತೆಗೆದ ಈ ವಿಡಿಯೊದಲ್ಲಿ ಮೊದಲ ನೋಟಕ್ಕೆ ದರಕು, ಅಂದರೆ ಒಣಗಿ ಬಿದ್ದ ಎಲೆ, ಬಿಟ್ಟು ಬೇರೇನೂ ಕಾಣುವುದಿಲ್ಲ. ಸ್ವಲ್ಪ ತಾಳಿ, ಬೈನೆ ಮರದ ಬುಡ ನೋಡಿ. ಹೆಬ್ಬಾವು. ಸುರುಳಿಯೊಳಗಿರುವುದು ಕಾಡುಕುರಿಯ ಮರಿ. ಶಿವಮೊಗ್ಗ ಜಿಲ್ಲೆಯ ಸಾಗರದ ಕಡೆ ನಮ್ಮ ಅಡಿಕೆ ತೋಟ ಮುಗಿದು ಕಾನು ಶುರುವಾಗುವ ಜಾಗ ಇದು. ದೊಡ್ಡಪ್ಪ ಫೋನ್ ಮಾಡಿ ಕರೆದರು. ನಾನು ಬರುವಷ್ಟರಲ್ಲಿ ಮರಿ ಸತ್ತಿತ್ತು.

ಹೆಬ್ಬಾವು ಮೂಳೆ ಪುಡಿಯಾಗುವಂತೆ ಹಿಂಡುತ್ತದೆ ಎಂದೇ ಚಿಕ್ಕಂದಿನಿಂದ ಕೇಳಿದ್ದೆ. ಹಾಗಲ್ಲವಂತೆ. ಇದೇ ರೀತಿ ಬೇಟೆಯನ್ನು ಸುತ್ತಿಕೊಳ್ಳುವ ಬೋವಾ ಹಾವುಗಳ ಬಗ್ಗೆ 2015ರಲ್ಲಿ ಒಂದು ಅಧ್ಯಯನ ಪ್ರಕಟವಾಯಿತು. ಹಿಡಿತ ಬಿಗಿಯಾದ ಕೆಲವೇ ಸೆಕೆಂಡುಗಳಲ್ಲಿ ಇಲಿಯ ರಕ್ತ ಸಂಚಾರ ಕುಸಿದಿತ್ತು. ಮರಿ ಹೆಚ್ಚು ಹೊತ್ತು ನರಳಿರಲಾರದು ಎಂದು ತಿಳಿದು ನನಗೆ ಎಷ್ಟೋ ಸಮಾಧಾನವಾಯಿತು.

ಈಗ ಸುರುಳಿ ಸಡಿಲವಾಯಿತು. ನಾಲಗೆ ಚಾಚುತ್ತಾ ಮರಿಯ ಮೈಯುದ್ದಕ್ಕೂ ಮೂತಿ ಆಡಿಸುತ್ತಿದೆ, ತಲೆ ಹುಡುಕುತ್ತಿದೆ. ತಲೆಯಿಂದ ನುಂಗಿದರೆ ಕಾಲುಗಳು ಹಿಂದಕ್ಕೆ ಮಡಚಿಕೊಳ್ಳುತ್ತವೆ, ಕೂದಲೂ ಅಡ್ಡ ಬರುವುದಿಲ್ಲ.

ಈ ಭಾಗವನ್ನು ನಾನು ಕತ್ತರಿಸಿಲ್ಲ. ಬಾಯಿಯ ಬಲ ಮಗ್ಗುಲು ನೋಡಿ, ಮುಂದೆ ಸರಿದು ಕಚ್ಚಿತು. ಈಗ ಎಡ. ಮತ್ತೆ ಬಲ. ಹಲ್ಲುಗಳೆಲ್ಲ ಗಂಟಲಿನ ಕಡೆಗೆ ಬಾಗಿರುವುದರಿಂದ ಒಳಗೆ ಹೋದದ್ದು ಹೊರಗೆ ಜಾರದು. ದವಡೆ ಕಳಚಿಕೊಳ್ಳುತ್ತದೆ ಎನ್ನುತ್ತಾರೆ, ಅದು ತಪ್ಪು. ನಮ್ಮ ಕೆಳದವಡೆ ಗಲ್ಲದಲ್ಲಿ ಬೆಸೆದುಕೊಂಡಿದೆ. ಹಾವಿನದು ಎರಡು ಬಿಡಿ ಭಾಗ, ನಡುವೆ ಹಿಗ್ಗುವ ಅಂಗಾಂಶ. ಕತ್ತಿನ ಹುರುಪೆಗಳು ಎಷ್ಟು ದೂರ ಸರಿದಿವೆಯೆಂದರೆ ನಡುವಿನ ಬಿಳಿಚಿದ ಚರ್ಮ ಕಾಣುತ್ತಿದೆ. ಬಾಯಿಯ ತಳದಿಂದ ಕೊಳವೆಯಂತೆ ಹೊರಚಾಚಿದೆಯಲ್ಲ, ಅದು ಉಸಿರುನಾಳದ ತುದಿ. ಬಾಯ್ತುಂಬ ಬೇಟೆಯಿದ್ದರೂ ಉಸಿರಾಟಕ್ಕೆ ತಡೆಯಿಲ್ಲ. ಇದನ್ನು ಕಂಡಾಗ ನಾನೇ ಉಸಿರು ಬಿಗಿಹಿಡಿದಿದ್ದೆ.

ಅಷ್ಟರಲ್ಲಿ ಸುದ್ದಿ ಹಬ್ಬಿ ಜನ ಸೇರಿದರು. ಹುಡುಗನೊಬ್ಬ ಕೋಲು ಎತ್ತಿದ. "ಕೆಣಕಬೇಡ ಮಾರಾಯ, ನುಂಗಿದ್ದನ್ನು ಕಕ್ಕಿಬಿಡುತ್ತದೆ" ಎಂದು ದೊಡ್ಡಪ್ಪ ತಡೆದರು. ಅವರ ಮಾತು ನಿಜ. ಹೊಟ್ಟೆ ತುಂಬಿದ ಹೆಬ್ಬಾವು ಓಡಲಾರದು. ಹೆದರಿದರೆ ಉಂಡದ್ದನ್ನು ಕಕ್ಕಿ ಹಗುರಾಗುತ್ತದೆ. ಅಲ್ಲಿಗೆ ಮರಿಯ ಜೀವವೂ ವ್ಯರ್ಥ, ಹಾವಿಗೂ ಉಪವಾಸ. ಅರಗಿಸುವುದೂ ಸಣ್ಣ ಕೆಲಸವಲ್ಲ. ಇದರ ಹತ್ತಿರದ ಬಂಧು ಬರ್ಮಾ ಹೆಬ್ಬಾವು ದೊಡ್ಡ ಊಟ ಮಾಡಿದ ಎರಡೇ ದಿನಗಳಲ್ಲಿ ಅದರ ಹೃದಯದ ಸ್ನಾಯು ಶೇಕಡಾ 40ರಷ್ಟು ಬೆಳೆದದ್ದನ್ನು ವಿಜ್ಞಾನಿಗಳು ಅಳೆದಿದ್ದಾರೆ.

ಕೊನೆಗೆ ಉಳಿದದ್ದು ಎರಡು ಪುಟ್ಟ ಗೊರಸು. ಅವೂ ಮರೆಯಾದವು. ಹೆಬ್ಬಾವು ಒಮ್ಮೆ ಬಾಯಿ ಅಗಲಿಸಿ ದವಡೆ ಸರಿಪಡಿಸಿಕೊಂಡು ನಿಧಾನವಾಗಿ ಪೊದೆಯೊಳಗೆ ಸರಿಯಿತು. ಆ ಮೂಲೆಯಲ್ಲಿ ಸೊಪ್ಪು ಕಡಿಯುವ ಕೆಲಸವನ್ನು ದೊಡ್ಡಪ್ಪ ಮುಂದಿನ ವಾರಕ್ಕೆ ಹಾಕಿದ್ದಾರೆ.