ಕಲ್ಲು ಮಗುಚುವವರು

ಕೇಳುಗರಿಗೆ ನಮಸ್ಕಾರ.

ಮಲೆನಾಡಿನಲ್ಲಿ ಬೆಳೆದವರಿಗೆ ಏಡಿ ಹಿಡಿಯುವುದು ಗೊತ್ತಿರುತ್ತದೆ. ಮಳೆ ಒಂದಿಷ್ಟು ಹೊಳವಾದರೆ ಸಾಕು, ನಾವು ಹುಡುಗರು ಹಳ್ಳಕ್ಕೆ ಇಳಿಯುತ್ತಿದ್ದೆವು. ಕೆಳಗಿನಿಂದ ಮೇಲಕ್ಕೇ ಹೋಗಬೇಕು. ಇಲ್ಲದಿದ್ದರೆ ನಾವೇ ಎಬ್ಬಿಸಿದ ಕೆಸರು ಹರಿದು ಬಂದು ಮುಂದಿನ ಕಲ್ಲನ್ನು ಮುಚ್ಚಿಬಿಡುತ್ತದೆ. ಕಲ್ಲಿನ ಅಂಚಿಗೆ ಎರಡೂ ಕೈ ಹಾಕಿ ಮೆಲ್ಲಗೆ ಮಗುಚುವುದು, ನೀರು ತಿಳಿಯಾಗುವವರೆಗೆ ಉಸಿರು ಬಿಗಿಹಿಡಿದು ನೋಡುವುದು. ಹತ್ತು ಕಲ್ಲಿಗೆ ಒಂದು ಏಡಿ ಸಿಕ್ಕರೆ ಜಾಸ್ತಿ.

ಇಂಗ್ಲಿಷ್‌ನಲ್ಲಿ ಒಂದು ಮಾತಿದೆ, ‘ಲೀವ್ ನೋ ಸ್ಟೋನ್ ಅನ್‌ಟರ್ನ್ಡ್’. ಒಂದು ಕಲ್ಲನ್ನೂ ಮಗುಚದೆ ಬಿಡಬೇಡ ಅಂತ. ಕಳ್ಳತನವಾದಾಗ ಪೊಲೀಸರು, ಚುನಾವಣೆ ಬಂದಾಗ ನಾಯಕರು, ಎಲ್ಲರೂ ಇದನ್ನು ಹೇಳುತ್ತಾರೆ. ಹೇಳಿ ಹೇಳಿ ಸವೆದು, ಈಗ ಅದರಲ್ಲಿ ಕಲ್ಲು ಕಾಣುವುದೇ ಇಲ್ಲ.

ಆ ಕಲ್ಲು ಗ್ರೀಸಿನದು. ಕ್ರಿ.ಪೂ. 479ರಲ್ಲಿ ಪ್ಲಾಟಿಯಾ ಎಂಬ ಊರಿನ ಹತ್ತಿರ ಗ್ರೀಕರಿಗೂ ಪರ್ಷಿಯನ್ನರಿಗೂ ದೊಡ್ಡ ಯುದ್ಧ ನಡೆಯಿತು. ಪರ್ಷಿಯದ ಸೇನಾಪತಿ ಮಾರ್ಡೋನಿಯಸ್ ಅಲ್ಲೇ ಸತ್ತ. ಸ್ಪಾರ್ಟಾದವನೊಬ್ಬ ಕಲ್ಲಿನಿಂದಲೇ ಅವನ ತಲೆ ಜಜ್ಜಿದ ಎಂದು ಪ್ಲುಟಾರ್ಕ್ ಬರೆಯುತ್ತಾನೆ. ಅಲ್ಲೂ ಒಂದು ಕಲ್ಲು, ನೋಡಿ! ಅವನ ಡೇರೆ ಇದ್ದ ಜಾಗದಲ್ಲಿ ನಿಧಿ ಹೂತಿದೆ ಅಂತ ಸುದ್ದಿ ಹಬ್ಬಿತು. ಥೀಬ್ಸ್‌ನ ಪಾಲಿಕ್ರಟೀಸ್ ಎಂಬವನು ಆ ನೆಲವನ್ನೇ ಕೊಂಡುಕೊಂಡ. ಹುಡುಕಿ ಹುಡುಕಿ ಸುಸ್ತಾದ. ಒಂದು ಕಾಸೂ ಇಲ್ಲ. ಕೊನೆಗೆ ಡೆಲ್ಫಿಯ ದೇವಸ್ಥಾನಕ್ಕೆ ಹೋಗಿ, ನಮ್ಮಲ್ಲಿ ದರ್ಶನದವರನ್ನು ಕೇಳುವ ಹಾಗೆ, ಅಪ್ಪಣೆ ಕೇಳಿದ. ಬಂದ ಅಪ್ಪಣೆ ಇಷ್ಟೇ: ‘ಎಲ್ಲ ಕಲ್ಲನ್ನೂ ಕದಲಿಸು.’

ನಾನಾಗಿದ್ದರೆ ಸಿಟ್ಟು ಬರುತ್ತಿತ್ತು. ಅಷ್ಟು ದೂರ ಹೋಗಿದ್ದು ಇದನ್ನು ಕೇಳೋಕಾ? ಆದರೆ ಅವನು ವಾಪಸ್ ಹೋಗಿ ಕದಲಿಸಿದನಂತೆ, ನಿಧಿ ಸಿಕ್ಕಿತಂತೆ. ಇದು ಗಾದೆಗಳನ್ನು ಕೂಡಿಟ್ಟವರು ಹೇಳುವ ಕಥೆ. ಪೂರಾ ಸುಳ್ಳೂ ಅಲ್ಲ ಅನ್ನಿಸುತ್ತದೆ. ಯುದ್ಧ ಮುಗಿದು ಬಹಳ ಕಾಲದ ಮೇಲೂ ಪ್ಲಾಟಿಯಾದವರಿಗೆ ಅಲ್ಲಿ ಚಿನ್ನ ಬೆಳ್ಳಿಯ ಪೆಟ್ಟಿಗೆಗಳು ಸಿಗುತ್ತಿದ್ದವು ಎಂದು ಹೆರೊಡೋಟಸ್ ಬರೆದಿಟ್ಟಿದ್ದಾನೆ.

ಕಡಲ ದಂಡೆಯಲ್ಲಿ ಏಡಿ ಹುಡುಕುವವರಿಂದಲೇ ಈ ಮಾತು ಹುಟ್ಟಿತು ಅನ್ನುವವರೂ ಇದ್ದಾರೆ. ನಾನು ಯಾರ ಕಡೆ ಅಂತ ಬೇರೆ ಹೇಳಬೇಕಿಲ್ಲ, ಅಲ್ವಾ?

ಯುರಿಪಿಡೀಸ್‌ನ ನಾಟಕವೊಂದರಲ್ಲಿ ಈ ಮಾತು ಒಬ್ಬ ಕೆಟ್ಟ ರಾಜನದು. ಗ್ರೀಕರ ಪುರಾಣದ ವೀರ ಹೆರಾಕ್ಲಿಸ್‌ನ ಮಕ್ಕಳನ್ನು ಮುಗಿಸಲು ಅವನು ಕದಲಿಸದ ಕಲ್ಲಿರಲಿಲ್ಲ. ಗ್ರೀಕಿನ ಆ ‘ಕದಲಿಸು’ 16ನೇ ಶತಮಾನದಲ್ಲಿ ಇಂಗ್ಲಿಷಿಗೆ ಬರುವಾಗ ‘ಮಗುಚು’ ಆಯಿತು.

ನನಗೆ ಇಷ್ಟವಾದದ್ದು ಮಾತ್ರ ರೋಮಿನ ವಕೀಲ ಪ್ಲಿನಿಯ ಪ್ರಸಂಗ. ಅವನ ಜೊತೆಯ ವಕೀಲ ರೆಗ್ಯುಲಸ್ ಒಮ್ಮೆ ಜಂಬ ಕೊಚ್ಚಿದ: ನೀನು ಕೇಸಿನಲ್ಲಿರುವ ಎಲ್ಲದರ ಹಿಂದೆಯೂ ಬೀಳುತ್ತೀ, ನನಗೆ ನೋಡಿದ ಕೂಡಲೇ ಕುತ್ತಿಗೆ ಕಾಣುತ್ತದೆ, ಹಿಡಿದು ಅಮುಕುತ್ತೇನೆ. ಪ್ಲಿನಿ ಅಂದ: ನೀನು ಕುತ್ತಿಗೆ ಅಂದುಕೊಂಡದ್ದು ಮೊಣಕಾಲೋ ಹಿಮ್ಮಡಿಯೋ ಇರಬಹುದು. ನನಗೆ ಕುತ್ತಿಗೆ ಕಾಣುವುದಿಲ್ಲ, ಅದಕ್ಕೇ ಎಲ್ಲ ಕಲ್ಲನ್ನೂ ಕದಲಿಸುತ್ತೇನೆ.

ಈ ನುಡಿಗಟ್ಟನ್ನು ಕನ್ನಡಕ್ಕೆ ತರುವಾಗ ಕೆಲವರು ‘ಭಗೀರಥ ಪ್ರಯತ್ನ’ ಅಂದುಬಿಡುತ್ತಾರೆ. ನನಗೆ ಒಪ್ಪಿಗೆಯಿಲ್ಲ. ಗಂಗೆ ಎಲ್ಲಿದ್ದಾಳೆ ಅಂತ ಭಗೀರಥನಿಗೆ ಗೊತ್ತಿತ್ತು, ಇಳಿಸಿ ತರುವುದೇ ಕಷ್ಟವಾಗಿತ್ತು. ಕಲ್ಲು ಮಗುಚುವವನಿಗೆ ಎಲ್ಲಿದೆ ಅನ್ನುವುದೇ ಗೊತ್ತಿಲ್ಲ. ಅವನದು ತಡಕಾಟ. ಹಳ್ಳದಲ್ಲಿ ನಾವು ಮಾಡುತ್ತಿದ್ದದ್ದೂ ಅದನ್ನೇ. ಎಷ್ಟೋ ಸಲ ನಮಗಿಂತ ಮೊದಲು ಏಡಿಗೇ ನಮ್ಮ ಬೆರಳು ಸಿಗುತ್ತಿತ್ತು.

ನಮಸ್ಕಾರ.