ಟೌನ್‌ಹಾಲ್ ಪಕ್ಕ ಇನ್ನೊಂದು ದೊಡ್ಡ ಕಟ್ಟಡ ಬೇಕಾ?

ಕೇಳುಗರಿಗೆ ನಮಸ್ಕಾರ. ಊರಿನ ನಡುಮಧ್ಯೆ ಒಂದು ಸಾಂಸ್ಕೃತಿಕ ಸಂಕೀರ್ಣ ಕಟ್ಟಬೇಕು ಅಂದ ಕೂಡಲೇ ಎಲ್ಲರೂ ಬಿಡಿಸುವ ಚಿತ್ರ ಒಂದೇ. ಗಾಜಿನ ಮುಖ, ಎದುರಿಗೆ ಕಾರಂಜಿ, ಕೆಳಗೆ ಪಾರ್ಕಿಂಗ್. ಮೈಸೂರಿಗೆ ಅದು ಬೇಡ ಅನ್ನುವುದು ನನ್ನ ವಾದ. ಬೇಕಾದ ಕಟ್ಟಡಗಳು ಆಗಲೇ ಇವೆ, ಒಂದಕ್ಕೊಂದು ಸಂಬಂಧವಿಲ್ಲದೆ ನಿಂತಿವೆ, ಅಷ್ಟೇ.

ದೊಡ್ಡ ಗಡಿಯಾರದ ಹತ್ತಿರ ನಿಂತು ಸುತ್ತ ನೋಡಿ. ಪಕ್ಕದಲ್ಲೇ ಮೈಸೂರು ಸಂಸ್ಥಾನದ ದಿವಾನ್ ಆಗಿದ್ದ ರಂಗಾಚಾರ್ಲು ಅವರ ನೆನಪಿನ ಟೌನ್‌ಹಾಲ್. ಜನರ ಪ್ರತಿನಿಧಿಗಳು ಸರ್ಕಾರದ ಮುಂದೆ ಅಹವಾಲು ಹೇಳುವ ಪ್ರಜಾಪ್ರತಿನಿಧಿ ಸಭೆ 1881ರಲ್ಲಿ ಶುರುವಾದದ್ದು ಅವರ ಕಾಲದಲ್ಲೇ, ಹಾಗಾಗಿ ಊರಿನ ಮಾತುಕತೆಗೆ ಇದಕ್ಕಿಂತ ಸರಿಯಾದ ಜಾಗ ಎಲ್ಲಿ ಸಿಗುತ್ತೆ ಹೇಳಿ. ಸ್ವಲ್ಪ ನಡೆದರೆ ಚಿಕ್ಕ ಗಡಿಯಾರ, ದೇವರಾಜ ಮಾರುಕಟ್ಟೆ, ಅಲ್ಲೇ ಆಸುಪಾಸಿನಲ್ಲಿ ಹಳೆಯ ಅಂಗಡಿ ಸಾಲಿನ ಲ್ಯಾನ್ಸ್‌ಡೌನ್ ಕಟ್ಟಡ. ಇವುಗಳ ನಡುವೆ ನೆರಳಿರುವ ಫುಟ್‌ಪಾತ್, ಕೂರಲು ಕಟ್ಟೆ, ನೀರು, ಶೌಚಾಲಯ ಮಾಡಿದರೆ ಅರ್ಧ ಕೆಲಸ ಮುಗಿಯಿತು.

ಉಳಿದರ್ಧ ಕಷ್ಟದ್ದು. ಲ್ಯಾನ್ಸ್‌ಡೌನ್ ಕಟ್ಟಡದ ಒಂದು ಭಾಗ 2012ರಲ್ಲಿ ಕುಸಿದು ಜನ ಸತ್ತರು, 2016ರಲ್ಲಿ ಮಾರುಕಟ್ಟೆಯ ಒಂದು ಭಾಗ ಬಿತ್ತು. ಹಳೇದು ಅಂದಮೇಲೆ ಬೀಳಲೇಬೇಕು ಅಂತ ಸುಮ್ನೆ ಹೇಳಿಬಿಡುತ್ತಾರೆ, ಆದರೆ ವಯಸ್ಸೊಂದೇ ಕಾರಣವಲ್ಲ. ಹಳೆಯ ತಾರಸಿಯಲ್ಲಿ ಮರದ ತೊಲೆಗಳ ಮೇಲೆ ಇಟ್ಟಿಗೆ, ಅದರ ಮೇಲೆ ಸುಣ್ಣದ ಗಾರೆ ಇರುತ್ತೆ. ಮೇಲಿನಿಂದ ನೀರು ಇಳಿಯುತ್ತಾ ಹೋದರೆ ತೊಲೆಯ ತುದಿ ಗೋಡೆಯೊಳಗೇ ಕೊಳೆಯುತ್ತೆ, ಹೊರಗೆ ನಿಂತವರಿಗೆ ಏನೂ ಕಾಣುವುದಿಲ್ಲ. ಗಾರೆ ಗೋಡೆಗೆ ಸಿಮೆಂಟ್ ಮೆತ್ತಿದರೆ ಇನ್ನೂ ಕೆಟ್ಟದ್ದು, ಒಳಗಿನ ತೇವ ಹೊರಗೆ ಬರಲು ದಾರಿಯೇ ಇರಲ್ಲ. ಆದ್ದರಿಂದ ಹೊಸ ನಕ್ಷೆಯ ಮೊದಲ ಹಾಳೆ ಮಳೆನೀರಿನದ್ದಾಗಲಿ. ಗಾರೆ ಕೆಲಸ ಗೊತ್ತಿರುವ ಮೇಸ್ತ್ರಿಯನ್ನು ಟೆಂಡರ್ ಆದಮೇಲೆ ಹುಡುಕುವುದಲ್ಲ, ಮೊದಲೇ ಕೂರಿಸಿಕೊಂಡು ಮಾತಾಡಬೇಕು.

ಹೊಸದೇನೂ ಬೇಡವಾ? ಬೇಕು. ಒಂದು ಸಣ್ಣ ನಾಟಕದ ಹಾಲ್, ಓದುವ ಕೋಣೆ, ಪಾಲಿಕೆಯ ಕೌಂಟರ್. ಕಂದಾಯ ಕಟ್ಟಲು ಬಂದವರು ಸಂಜೆಯ ನಾಟಕಕ್ಕೂ ಟಿಕೆಟ್ ತಗೊಂಡು ಹೋಗುವ ಹಾಗಿರಬೇಕು. ಆದರೆ ಅದು ಹಿಂದುಗಡೆ ಇರಲಿ, ಟೌನ್‌ಹಾಲಿಗಿಂತ ತಗ್ಗಾಗಿರಲಿ. 1927ರ ದೊಡ್ಡ ಗಡಿಯಾರದ ಕನ್ನಡ ಅಂಕಿಗಳು ದೂರದಿಂದ ಕಾಣುವುದನ್ನು ಯಾವ ಲಿಫ್ಟ್ ರೂಮೂ ಮರೆಮಾಡಬಾರದು. ಬಸ್ಸುಗಳ ಹಾರ್ನ್ ಬೇರೆ ಇದೆಯಲ್ಲ, ಮೆಟ್ಟಿಲು, ಉಗ್ರಾಣ, ಶೌಚಾಲಯಗಳನ್ನು ರಸ್ತೆ ಕಡೆಗೆ ಇಟ್ಟರೆ ಆ ಗದ್ದಲ ಅರ್ಧ ಅಲ್ಲೇ ನಿಲ್ಲುತ್ತೆ. ರಂಗಸಜ್ಜಿಕೆ ಇಳಿಸುವ ಲಾರಿಗೆ ಬೇರೆ ಗೇಟು ಕೊಡಿ. ಇದನ್ನು ಮರೆತ ಹಾಲ್‌ಗಳೇ ಜಾಸ್ತಿ.

ದಸರಾದ ಲೆಕ್ಕವೂ ಬೇಕು. ಜಂಬೂಸವಾರಿ ಕೆ.ಆರ್. ವೃತ್ತ ದಾಟಿ ಸಯ್ಯಾಜಿರಾವ್ ರಸ್ತೆಯಲ್ಲಿ ಬನ್ನಿಮಂಟಪದ ಕಡೆ ಹೋಗುವ ದಿನ ಈ ಜಾಗ ಬೇರೆಯೇ ಊರು. ಅಷ್ಟೂ ಜನ ಹೊರಹೋಗುವ ದಾರಿ ಗೊತ್ತಾಗುವ ತನಕ ಹೊಸ ಕಾಂಪೌಂಡ್ ಒಂದನ್ನೂ ಎಬ್ಬಿಸಬಾರದು.

ಇನ್ನು ಮಾರುಕಟ್ಟೆಯವರು. ದುರಸ್ತಿ ಮುಗಿಯುವವರೆಗೆ ಹೂವಿನವರು, ಎಲೆ ಅಡಿಕೆಯವರು ಎಲ್ಲಿ ಕೂರುತ್ತಾರೆ? ಒಂದು ಸಾಲು ಖಾಲಿ ಮಾಡಿಸಿ, ರಿಪೇರಿ ಮಾಡಿ, ಅವರನ್ನು ವಾಪಸ್ ಕೂರಿಸಿ, ಆಮೇಲೆ ಮುಂದಿನ ಸಾಲಿಗೆ ಕೈ ಹಾಕಬೇಕು. ನಿಧಾನವಾಗುತ್ತೆ, ಖರ್ಚೂ ಹೆಚ್ಚಾಗಬಹುದು. ಆದರೂ ನಾನು ಇದನ್ನೇ ಕೇಳುತ್ತೇನೆ.