17 ಕ್ವಿಂಟಲ್ ತೊಗರಿಯಲ್ಲಿ ಒಂದು ಕಾಳು
(ಕ್ಯಾನ್ಸರ್ ಪತ್ತೆ ಹಚ್ಚುವ ಚಿಪ್‌ಗಳ ಬಗ್ಗೆ ಬೀದರಿನ ಕಾಲೇಜೊಂದರಲ್ಲಿ ನೀಡಿದ ಉಪನ್ಯಾಸ)

ಎಲ್ಲರಿಗೂ ಶರಣು ಶರಣಾರ್ಥಿ.

ಬಿದರಿ ಕೆಲಸಗಾರರು ಕೋಟೆಯ ಮಣ್ಣು ಆರಿಸುವುದನ್ನು ನಿಮ್ಮಲ್ಲಿ ಕೆಲವರಾದರೂ ನೋಡಿರುತ್ತೀರಿ. ಮಳೆ ಬಿಸಿಲು ತಾಗದ ಮೂಲೆಯಿಂದ ಒಂದು ಚಿಟಿಕೆ ಮಣ್ಣು ತೆಗೆದು ನಾಲಿಗೆಯ ತುದಿಗೆ ಇಟ್ಟುಕೊಳ್ಳುತ್ತಾರೆ. ಒಂದು ಗಳಿಗೆ ಸುಮ್ಮನಿರುತ್ತಾರೆ. ಆಮೇಲೆ "ಇದು ಆಗ್ತದ" ಅಂತಲೋ, "ಇದು ಬ್ಯಾಡ" ಅಂತಲೋ ತೀರ್ಮಾನ. ಆದ ಮಣ್ಣನ್ನು ನವಸಾಗರದ ಜೊತೆ ನೀರಿಗೆ ಹಾಕಿ ಹೂಜಿಯನ್ನು ಅದ್ದಿದರೆ ಸತು-ತಾಮ್ರದ ಮೈಯೆಲ್ಲ ಕಡುಕಪ್ಪು. ಕೆತ್ತಿ ಕೂರಿಸಿದ ಬೆಳ್ಳಿ ಮಾತ್ರ ಹಾಗೇ ಹೊಳೆಯುತ್ತದೆ.

ಜೈವಿಕ ಸಂವೇದಕ ಚಿಪ್ ಅಂದರೆ ಏನು ಅಂತ ಯಾರಾದರೂ ಕೇಳಿದರೆ ನಾನು ಆ ನಾಲಿಗೆಯನ್ನೇ ತೋರಿಸುತ್ತೇನೆ. ನಾಲಿಗೆಯ ಮೇಲಿನ ರುಚಿಮೊಗ್ಗು ಒಂದು ವಸ್ತುವನ್ನು ಗುರುತು ಹಿಡಿಯುತ್ತದೆ, ನರ ಆ ಸುದ್ದಿ ಮುಟ್ಟಿಸುತ್ತದೆ, ಮಿದುಳು ಓದುತ್ತದೆ. ಚಿಪ್‌ನಲ್ಲಿ ರುಚಿಮೊಗ್ಗಿನ ಜಾಗದಲ್ಲಿ ಒಂದು ಪ್ರತಿಕಾಯವೋ (ತನ್ನ ಗುರಿಗೆ ಮಾತ್ರ ಅಂಟಿಕೊಳ್ಳುವ ಪ್ರೊಟೀನ್) ಡಿಎನ್‌ಎ ಎಳೆಯೋ ಇರುತ್ತದೆ. ನರದ ಜಾಗದಲ್ಲಿ ಚಿನ್ನದ ತೆಳು ಪದರ. ಓದುವುದಕ್ಕೆ ಒಂದು ಸಣ್ಣ ಯಂತ್ರ.

ಇದರ ಹಳೆಯ ರೂಪ ನಿಮ್ಮ ಮನೆಯಲ್ಲೇ ಇದೆ. ಅಪ್ಪನ ಶುಗರ್ ಮಷೀನ್. 1962ರಲ್ಲಿ ಅಮೆರಿಕದ ಲೆಲ್ಯಾಂಡ್ ಕ್ಲಾರ್ಕ್ ಅವರು ವಿದ್ಯುದ್ವಾರದ ಮೇಲೆ ಒಂದು ಕಿಣ್ವವನ್ನು ಕೂರಿಸುವ ದಾರಿ ತೋರಿಸಿದರು. ಈಗ ಆ ಮಷೀನಿಗೆ ಸಿಕ್ಕಿಸುವ ಸ್ಟ್ರಿಪ್ ಪಟ್ಟಿಯಲ್ಲಿ ಆ ಬಗೆಯ ಕಿಣ್ವ ರಕ್ತದ ಸಕ್ಕರೆಯಿಂದ ಎಲೆಕ್ಟ್ರಾನ್ ಕಿತ್ತು ತಂತಿಗೆ ಕೊಡುತ್ತದೆ, ಯಂತ್ರ ಅದನ್ನು ಎಣಿಸುತ್ತದೆ. ಹಾಗಾದರೆ ಕ್ಯಾನ್ಸರಿಗೂ ಅಂಥದೊಂದು ಪಟ್ಟಿ ಯಾಕಿಲ್ಲ ಅಂತ ನನ್ನ ತಮ್ಮ ಪ್ರತಿ ದೀಪಾವಳಿಗೂ ಕೇಳುತ್ತಾನೆ. ನ್ಯಾಯವಾದ ಪ್ರಶ್ನೆ.

ಒಂದು ಮಿಲಿಲೀಟರ್ ರಕ್ತದಲ್ಲಿ ಸುಮಾರು 1 ಮಿಲಿಗ್ರಾಂ ಸಕ್ಕರೆ ಇರುತ್ತದೆ. ಗಂಡಸರ ಪ್ರಾಸ್ಟೇಟ್ ಗ್ರಂಥಿಯಿಂದ ಬರುವ ಪಿಎಸ್‌ಎ ಎಂಬ ಪ್ರೊಟೀನ್ 4 ನ್ಯಾನೊಗ್ರಾಂ ದಾಟಿದರೆ ಕ್ಯಾನ್ಸರ್ ಇರಬಹುದೇ ಅಂತ ವೈದ್ಯರು ಹುಬ್ಬೇರಿಸುತ್ತಾರೆ. ಸಕ್ಕರೆಗಿಂತ ಎರಡೂವರೆ ಲಕ್ಷ ಪಟ್ಟು ಕಡಿಮೆ. ಅದೂ ಒಂಟಿಯಾಗಿ ಇರುವುದಿಲ್ಲ, ಸುತ್ತ 70 ಮಿಲಿಗ್ರಾಂನಷ್ಟು ಬೇರೆ ಪ್ರೊಟೀನ್‌ಗಳ ಸಂತೆ. ತೂಕದ ಲೆಕ್ಕದಲ್ಲಿ ಒಂದೂಮುಕ್ಕಾಲು ಕೋಟಿಗೆ ಒಂದು ಪಾಲು. ಹತ್ತು ಕಾಳಿಗೆ ಒಂದು ಗ್ರಾಂ ಅಂತ ಹಿಡಿದರೆ, 17 ಕ್ವಿಂಟಲ್ ತೊಗರಿಯ ರಾಶಿಯಲ್ಲಿ ಗುರುತು ಮಾಡಿದ ಒಂದೇ ಕಾಳನ್ನು ಹುಡುಕಿದಂತೆ. ಅಡತಿಯಲ್ಲಿ ಕೆಲಸ ಮಾಡಿದವರಿಗೆ ಆ ರಾಶಿ ಎಷ್ಟು ದೊಡ್ಡದು ಅಂತ ಹೇಳಬೇಕಾಗಿಲ್ಲ.

ಆದರೂ ಹುಡುಕಿದ್ದಾರೆ. 2005ರಲ್ಲಿ ಹಾರ್ವರ್ಡ್‌ನ ಚಾರ್ಲ್ಸ್ ಲೀಬರ್ ಅವರ ತಂಡ ಸಿಲಿಕಾನ್ ನ್ಯಾನೊತಂತಿಗಳ, ಅಂದರೆ ಅತಿ ತೆಳು ತಂತಿಗಳ, ಮೇಲೆ ಪಿಎಸ್‌ಎ ಸೇರಿದಂತೆ ಹಲವು ಕ್ಯಾನ್ಸರ್ ಗುರುತುಗಳನ್ನು ಒಂದೇ ಸಲಕ್ಕೆ ಹಿಡಿದು ತೋರಿಸಿತು. ನಾವೆಲ್ಲ ಆ ಪ್ರಬಂಧ ಓದಿಯೇ ಈ ದಾರಿಗೆ ಬಂದವರು. ಅದರಲ್ಲಿ ಒಂದು ಸಣ್ಣ ಮಾತಿದೆ. ಅವರು ಸೀರಮ್‌ನಲ್ಲಿದ್ದ (ರಕ್ತ ಹೆಪ್ಪುಗಟ್ಟಿದ ಮೇಲೆ ಉಳಿಯುವ ತಿಳಿ) ಉಪ್ಪು ತೆಗೆದು ಆಮೇಲೆ ಅಳೆದರು. ಯಾಕೆಂದರೆ ತಂತಿ ಗುರುತಿಸುವುದು ಪ್ರೊಟೀನಿನ ವಿದ್ಯುದಾವೇಶವನ್ನು, ರಕ್ತದ ಉಪ್ಪು ಅದರ ಸುತ್ತ ಪರದೆ ಕಟ್ಟಿಬಿಡುತ್ತದೆ. ಒಂದು ನ್ಯಾನೊಮೀಟರ್ ಆಚೆಗೆ ಏನು ಬಂದು ಕೂತಿದೆ ಅಂತ ತಂತಿಗೆ ತಿಳಿಯುವುದೇ ಕಷ್ಟ. ಪ್ರತಿಕಾಯವೇ ಅದರ ಹತ್ತು ಪಟ್ಟು ಉದ್ದ.

ನನಗೂ ಒಂದು ಪೆಟ್ಟು ಬಿದ್ದಿತ್ತು. ಸಂಶೋಧನೆಯ ಎರಡನೇ ವರ್ಷ. ಚಿನ್ನದ ಮೇಲೆ ಪ್ರತಿಕಾಯ ಕೂರಿಸಿ ಒಂದು ಹನಿ ಸೀರಮ್ ಬಿಟ್ಟೆ, ತೆರೆಯ ಮೇಲಿನ ಗೆರೆ ಸರ್ರನೆ ಇಳಿಯಿತು. ಕ್ಯಾನ್ಸರ್ ಪ್ರೊಟೀನ್ ಸಿಕ್ಕಿತು ಅಂತ ಅರ್ಥ. ಮೂರು ವಾರ ಖುಷಿಯಲ್ಲಿದ್ದೆ. ಆಮೇಲೆ ಆ ಪ್ರೊಟೀನ್ ಹಾಕದ ಬರೀ ಸೀರಮ್ ಬಿಟ್ಟು ನೋಡಿದೆ. ಗೆರೆ ಅಷ್ಟೇ ಇಳಿಯಿತು. ಪ್ರತಿಕಾಯಗಳ ನಡುವೆ ಖಾಲಿ ಉಳಿದ ಚಿನ್ನಕ್ಕೆ ರಕ್ತದ ಮಾಮೂಲಿ ಪ್ರೊಟೀನ್ ಆಲ್ಬುಮಿನ್ ಬಂದು ಅಂಟಿಕೊಂಡಿತ್ತು, ಅಷ್ಟೇ. ಆ ಖಾಲಿ ಜಾಗ ಮುಚ್ಚುವುದನ್ನು ಕಲಿಯಲು ನನಗೆ ಏಳು ತಿಂಗಳು ಹಿಡಿಯಿತು. ವಿದ್ಯಾರ್ಥಿಗಳೇ, ಖಾಲಿ ಮಾದರಿಯನ್ನು ಮೊದಲ ದಿನವೇ ಓಡಿಸಿ.

ಇನ್ನೊಂದು ಪೆಟ್ಟು ಇಡೀ ಕ್ಷೇತ್ರಕ್ಕೇ ಬಿದ್ದದ್ದು. ಬ್ರಿಟನ್ನಿನಲ್ಲಿ 2 ಲಕ್ಷಕ್ಕೂ ಹೆಚ್ಚು ಮಹಿಳೆಯರನ್ನು ಸೇರಿಸಿ ಅಂಡಾಶಯದ ಕ್ಯಾನ್ಸರಿನ ಅಧ್ಯಯನ ನಡೆಸಿದರು. ಒಂದು ಗುಂಪಿಗೆ ವರ್ಷವರ್ಷ ಸಿಎ-125 ಎಂಬ ಗುರುತು ಪ್ರೊಟೀನಿನ ರಕ್ತಪರೀಕ್ಷೆ. ಅವರಲ್ಲಿ ರೋಗ ಮೊದಲ ಹಂತಗಳಲ್ಲೇ ಸಿಕ್ಕಿದ್ದು ಹೆಚ್ಚಾಯಿತು. 2021ರಲ್ಲಿ ಕೊನೆಯ ಲೆಕ್ಕ ಬಂತು. ಸಾವು ಕಡಿಮೆಯಾಗಿರಲಿಲ್ಲ. ಅದನ್ನು ಓದಿದ ರಾತ್ರಿ ನನಗೆ ಊಟ ಸೇರಲಿಲ್ಲ. ಬೇಗ ಗೊತ್ತಾದರೆ ಸಾಕು ಅಂತ ನಂಬಿ ಚಿಪ್ ಮಾಡುತ್ತಿದ್ದವಳು ನಾನು.

ಅಂದಿನಿಂದ ನನ್ನ ತಲೆಯಲ್ಲಿ ಒಂದೇ ಕೇಳ್ವಿ. ಏನನ್ನು ಹಿಡಿದರೆ ಜೀವ ಉಳಿಯುತ್ತದೆ?

ಉತ್ತರ ನಮ್ಮ ಮಗ್ಗುಲಲ್ಲೇ ಇತ್ತು. ಉದಗೀರ, ಲಾತೂರ ದಾಟಿದರೆ ಉಸ್ಮಾನಾಬಾದ್, ಈಗಿನ ಧಾರಾಶಿವ. 1956ರ ತನಕ ಅವರೂ ನಾವೂ ಒಂದೇ ಹೈದರಾಬಾದ್ ರಾಜ್ಯದವರು, ಅದೇ ಕರಿಮಣ್ಣು, ಅದೇ ಜೋಳದ ರೊಟ್ಟಿ. ಅಲ್ಲಿಯ ಹಳ್ಳಿಗಳಲ್ಲಿ 30ರಿಂದ 59 ವಯಸ್ಸಿನ 1,31,746 ಹೆಣ್ಣುಮಕ್ಕಳನ್ನು ಗುಂಪು ಮಾಡಿ, ಒಂದು ಗುಂಪಿಗೆ ಗರ್ಭಚೀಲದ ಬಾಯಿಯ ಕ್ಯಾನ್ಸರ್ ತರುವ ಎಚ್‌ಪಿವಿ ವೈರಸ್ಸಿನ ಪರೀಕ್ಷೆ ಮಾಡಿದರು. ಜೀವಮಾನದಲ್ಲಿ ಒಂದೇ ಸಲ. ವೈರಸ್ ಇದ್ದವರನ್ನು ನೋಡಿ, ಬೇಕಾದವರಿಗೆ ಚಿಕಿತ್ಸೆ ಕೊಟ್ಟರು. ಎಂಟು ವರ್ಷದ ನಂತರ ಎಣಿಸಿದಾಗ, ಪರೀಕ್ಷೆ ಮಾಡಿಸದ ಗುಂಪಿನಲ್ಲಿ ಗರ್ಭಚೀಲದ ಬಾಯಿಯ ಕ್ಯಾನ್ಸರಿನಿಂದ ಸತ್ತವರು 64. ಎಚ್‌ಪಿವಿ ಪರೀಕ್ಷೆಯ ಗುಂಪಿನಲ್ಲಿ 34. ಗುಂಪುಗಳ ಗಾತ್ರ ಹೆಚ್ಚುಕಮ್ಮಿ ಒಂದೇ. 2009ರಲ್ಲಿ ಇದು ಪ್ರಕಟವಾಯಿತು, ಜಗತ್ತೇ ತಿರುಗಿ ನೋಡಿತು.

ಇಲ್ಲಿ ಹಿಡಿದದ್ದು ಕ್ಯಾನ್ಸರನ್ನಲ್ಲ, ಅದರ ಬೀಜವನ್ನು. ಈ ಕ್ಯಾನ್ಸರಿಗೆ ಎಚ್‌ಪಿವಿ ಕಾರಣ ಅಂತ ತೋರಿಸಿದ ಹೆರಾಲ್ಡ್ ಸುರ್ ಹೌಸೆನ್ ಅವರಿಗೆ 2008ರಲ್ಲಿ ನೊಬೆಲ್ ಬಂತು. ವೈರಸ್ ಒಳಹೊಕ್ಕ ಮೇಲೆ ಕ್ಯಾನ್ಸರ್ ಆಗಲು ಸಾಮಾನ್ಯವಾಗಿ ಹದಿನೈದು, ಇಪ್ಪತ್ತು ವರ್ಷ ಬೇಕು. ನಮಗೆ ಅಷ್ಟು ಸಮಯವಿದೆ. ಇನ್ನೊಂದು ಅನುಕೂಲ, ವೈರಸ್ಸಿನದು ಡಿಎನ್‌ಎ. ಪ್ರೊಟೀನನ್ನು ನಕಲು ಮಾಡಲಾಗದು, ಡಿಎನ್‌ಎಯನ್ನು ಮಾಡಬಹುದು. ಒಂದು ಎರಡಾಗಿ, ಎರಡು ನಾಲ್ಕಾಗಿ, 30 ಸುತ್ತಿಗೆ ನೂರು ಕೋಟಿ ದಾಟುತ್ತದೆ. ತೊಗರಿ ರಾಶಿಯಲ್ಲಿ ಕಾಳು ಹುಡುಕುವ ಬದಲು ಆ ಕಾಳನ್ನೇ ಬೆಳೆಸಿ ರಾಶಿ ಮಾಡಿದಂತೆ. ಕ್ಷಯಕ್ಕೆ ಕಫ ಪರೀಕ್ಷೆ ಮಾಡುವ ಟ್ರೂನ್ಯಾಟ್ ಯಂತ್ರ ಇದನ್ನೇ ಒಂದು ಪುಟ್ಟ ಚಿಪ್‌ನ ಮೇಲೆ, ಬ್ಯಾಟರಿಯಲ್ಲಿ ಮಾಡುತ್ತದೆ. ಆ ಯಂತ್ರ ಮಾಡುವ ಗೋವಾದ ಕಂಪನಿಯೇ ಎಚ್‌ಪಿವಿಗೂ ಚಿಪ್ ತಂದಿದೆ.

ಈಗ ನಮ್ಮ ದೊಡ್ಡವ್ವನ ಮಾತು ಹೇಳಬೇಕು. ಭಾಲ್ಕಿ ಕಡೆಯ ಹಳ್ಳಿ. ಬಿಳಿ ಹೋಗುತ್ತಿತ್ತು, ನಡುನೋವು. ನಮ್ಮವ್ವನಿಗೆ ಮಾತ್ರ ಹೇಳಿದ್ದಳು, "ಯಾರಿಗಿ ಹೇಳಬ್ಯಾಡ ತಂಗಿ" ಅಂತ ಕೈ ಹಿಡಿದು. ಒಂದು ಆಸ್ಪತ್ರೆಗೆ ಹೋದಾಗ ಒಳಗೆ ನೋಡದೆ ಗುಳಿಗೆ ಬರೆದು ಕಳಿಸಿದರು. ರಕ್ತ ಹೋಗಲು ಶುರುವಾದ ಮೇಲೆ ಸೊಲ್ಲಾಪುರಕ್ಕೆ ಒಯ್ದೆವು. ತಡವಾಗಿತ್ತು. ಅವಳ ಹಸಿರು ಇಳಕಲ್ ಸೀರೆ ಇನ್ನೂ ನಮ್ಮವ್ವನ ಟ್ರಂಕಿನಲ್ಲಿದೆ, ಮಡಿಕೆ ಬಿಚ್ಚಿಲ್ಲ.

ಅದಕ್ಕೇ ಚಿಪ್ ಎಷ್ಟು ಸೂಕ್ಷ್ಮ ಅನ್ನುವುದಕ್ಕಿಂತ, ಅದು ದೊಡ್ಡವ್ವನಂಥವರ ನಾಚಿಕೆಗೆ ಜಾಗ ಕೊಡುತ್ತದೆಯೇ ಅಂತ ನಾನು ಮೊದಲು ನೋಡುತ್ತೇನೆ. ಎಚ್‌ಪಿವಿಗೆ ಸ್ವಾಬ್ ಕಡ್ಡಿಯನ್ನು ಹೆಣ್ಣುಮಗಳು ತಾನೇ, ಬಾಗಿಲು ಹಾಕಿಕೊಂಡು ತೆಗೆದುಕೊಳ್ಳಬಹುದು. ಯಾರೂ ನೋಡಬೇಕಾಗಿಲ್ಲ. ಫಲಿತಾಂಶ ಅದೇ ದಿನ ಸಿಗಬೇಕು, ಯಾಕೆಂದರೆ ಕಳೆ ತೆಗೆಯುವ ಕೂಲಿ ಬಿಟ್ಟು ಎರಡನೇ ಸಲ ಯಾರೂ ಬರುವುದಿಲ್ಲ. ಗರ್ಭಚೀಲದ ಬಾಯಿಯಲ್ಲಿ ಕೆಟ್ಟ ಭಾಗ ಕಂಡರೆ, ಅದು ಬಿಸಿ ಕೊಟ್ಟು ಸುಡುವಷ್ಟಕ್ಕೇ ಇದ್ದರೆ, ಕೆಲವೇ ನಿಮಿಷದ ಕೆಲಸ.

ಆಶಾ ಅಕ್ಕಂದಿರೇ, ಒಂದು ಮಾತನ್ನು ಮನೆಮನೆಗೆ ಬಿಡಿಸಿ ಹೇಳಿ. ಪಾಸಿಟಿವ್ ಅಂದರೆ ಕ್ಯಾನ್ಸರ್ ಅಲ್ಲ. ಬಹಳಷ್ಟು ಜನರಲ್ಲಿ ಈ ವೈರಸ್ ಒಂದೆರಡು ವರ್ಷದಲ್ಲಿ ತಾನೇ ಹೋಗುತ್ತದೆ. ಅದು ಯಾರ ನಡತೆಯ ಮೇಲಿನ ಮಾತೂ ಅಲ್ಲ, ಮದುವೆಯಾದ ಯಾರಿಗೂ ಬರಬಹುದು. ಈ ಮಾತು ಹೇಳದೆ ಬರೀ ಚೀಟಿ ಕೈಗೆ ಕೊಟ್ಟರೆ ಮನೆ ಒಡೆಯುತ್ತದೆ. ಹೆಣ್ಣುಮಕ್ಕಳಿಗೆ 9ರಿಂದ 14ರೊಳಗೆ ಲಸಿಕೆ ಹಾಕಿಸಿದರೆ ಇನ್ನೂ ಒಳ್ಳೆಯದು, ನಮ್ಮ ದೇಶದ್ದೇ ಸರ್ವಾವ್ಯಾಕ್ ಇದೆ.

ಮೇಜಿನ ಮೇಲೆ ಮೂರು ಸ್ವಾಬ್ ಕಡ್ಡಿಗಳನ್ನೂ ನನ್ನ ಹಳೆಯ ಚಿನ್ನದ ಚಿಪ್ಪೊಂದನ್ನೂ ಇಟ್ಟಿದ್ದೇನೆ, ಆ ಏಳು ತಿಂಗಳು ಕಾಡಿದ್ದು ಅದೇ. ಕೈಗೆ ತಗೊಂಡು ನೋಡಿ. ಪ್ರಶ್ನೆ ಕೇಳುವ ಸರದಿ ಮೊದಲು ಮುಂದಿನ ಸಾಲಿನ ಅಕ್ಕಂದಿರದು, ಆಮೇಲೆ ವಿದ್ಯಾರ್ಥಿಗಳದು. ಗಂಡಸರು ಯಾರೂ ಎದ್ದು ಹೋಗಬೇಡಿ, ಇದು ನಿಮ್ಮ ಮನೆಯ ಮಾತೂ ಹೌದು.